ಲಾಂಡ್ರಿ ಅಂಗಡಿಯಿಂದ ಬೆಳ್ಳಿತೆರೆಗೆ: ಆ್ಯನಾ ಮೇ ವಾಂಗ್ ಅವರ ಮೊದಲ ವರ್ಷಗಳ ಬಗ್ಗೆ ಮಾತನಾಡೋಣ

ಹಳೆಯ ರೀಲು

ಕಳೆದ ತಿಂಗಳು ನನ್ನ ಸೋದರಮಾವನ ಮಗಳು ಅಮೆರಿಕದಿಂದ ಊರಿಗೆ ಬಂದಿದ್ದಳು. ಅವಳ ಚೀಲದ ತಳದಲ್ಲಿ ಉಳಿದಿದ್ದ ಚಿಲ್ಲರೆಯನ್ನು ಮಕ್ಕಳು ಜಗಲಿಯ ಮೇಲೆ ಸುರಿದುಕೊಂಡು ಎಣಿಸುತ್ತಿದ್ದರು. ಅದರಲ್ಲಿ ಇಪ್ಪತ್ತೈದು ಸೆಂಟಿನ ಒಂದು ನಾಣ್ಯ. ಒಂದು ಬದಿಯಲ್ಲಿ ಜಾರ್ಜ್ ವಾಷಿಂಗ್ಟನ್. ಮಗುಚಿದರೆ, ಹಣೆಯ ಮೇಲೆ ಕೂದಲನ್ನು ನೇರವಾಗಿ ಕತ್ತರಿಸಿಕೊಂಡ ಹೆಂಗಸೊಬ್ಬರು ಕೈಗೆ ಮುಖವಾನಿಸಿ ಕುಳಿತಿದ್ದಾರೆ. ಸುತ್ತಲೂ ಚಿತ್ರಮಂದಿರದ ಹೆಸರಿನ ಫಲಕಕ್ಕೆ ಹಾಕುವಂಥ ಬಲ್ಬುಗಳ ಸಾಲು. "ಇವರು ಯಾವ ದೇಶದ ರಾಣಿ, ಮಾಮಾ?" ಎಂದು ಹುಡುಗ ಕೇಳಿದ. ರಾಣಿಯಲ್ಲ ಕಣಪ್ಪಾ, ನಟಿ; ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಬೆಳೆದವರು, ಹೆಸರು ಆ್ಯನಾ ಮೇ ವಾಂಗ್ ಎಂದೆ.

2022ರಲ್ಲಿ ಬಂದ ನಾಣ್ಯ ಅದು. ಅಮೆರಿಕದ ಹಣದ ಮೇಲೆ ಏಷ್ಯಾ ಮೂಲದ ಅಮೆರಿಕನ್ನರೊಬ್ಬರ ಮುಖ ಮೂಡಿದ್ದು ಅದೇ ಮೊದಲು. ಈ ನಟಿಯ ಬಗ್ಗೆ ಎಲ್ಲಿ ಓದಿದರೂ ಒಂದೇ ಪ್ರಸಂಗ ಮುಂದೆ ಬಂದು ನಿಲ್ಲುತ್ತದೆ: ಚೀನೀ ರೈತ ಹೆಂಗಸಿನ ಪಾತ್ರ ಇವರ ಕೈತಪ್ಪಿ ಬಿಳಿಯ ನಟಿಯೊಬ್ಬರಿಗೆ ಹೋದದ್ದು. ಅದು ನಿಜವಾದ ಅನ್ಯಾಯ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ಒಂದು ನಷ್ಟವನ್ನೇ ಹೇಳಿ ಹೇಳಿ, ಅದಕ್ಕೂ ಮೊದಲು ಅವರು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಕೆಲಸವನ್ನು ನಾವು ನೋಡದೇ ಬಿಡುತ್ತೇವೆ. ನನಗೆ ಅವರು ಮುಖ್ಯರಾಗುವುದು ಜೀವನವಿಡೀ ಕಲಿಯುತ್ತಲೇ ಇದ್ದವರಾಗಿ. ಎಲ್ಲೆಲ್ಲಿ "ನೀನು ಇಲ್ಲಿಯವಳಲ್ಲ" ಎಂದರೋ ಅಲ್ಲೆಲ್ಲ ಅವರು ಹೊಸದೊಂದನ್ನು ಕಲಿತರು. ಈ ವೇದಿಕೆಯಲ್ಲಿ ಮೂಕಿ ಚಿತ್ರಗಳನ್ನು ಇಷ್ಟಪಡುವವರು ಕೆಲವರಾದರೂ ಇದ್ದೀರಿ. ಗೊತ್ತಿರುವುದನ್ನು ಸೇರಿಸಿ, ತಪ್ಪಿದ್ದರೆ ತಿದ್ದಿ.

ಶರಾವತಿ

ಹೆಸರು ಕೇಳಿದ್ದೆ, ಚಿತ್ರ ನೋಡಿಲ್ಲ. ಇವರು ಚೀನಾದಿಂದ ಯಾವಾಗ ಅಮೆರಿಕಕ್ಕೆ ಬಂದರು? ಆ ಕಾಲದಲ್ಲಿ ಹೆಣ್ಣುಮಗಳು ಸಿನಿಮಾ ಸೇರುತ್ತೇನೆ ಎಂದರೆ ಮನೆಯಲ್ಲಿ ಒಪ್ಪಿದ್ದರೇ? ನಮ್ಮಲ್ಲಿ ಆಗ ನಾಟಕದ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನೂ ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು. ಹಾಗಾಗಿ ಕೇಳುತ್ತಿದ್ದೇನೆ.

ಹಳೆಯ ರೀಲು

ಶರಾವತಿ ಅವರೇ, ಮೊದಲ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಅವರು ಜೀವಿಸಿದ್ದಾಗಲೂ ಕೇಳುತ್ತಿದ್ದರು. ಅವರು ಎಲ್ಲಿಂದಲೂ ಬಂದವರಲ್ಲ. 1905ರ ಜನವರಿ 3ರಂದು ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲೇ, ಅಲ್ಲಿನ ಚೀನೀ ಕೇರಿಗೆ ಹತ್ತಿರದ ಫ್ಲವರ್ ಸ್ಟ್ರೀಟ್‌ನಲ್ಲಿ. ತಂದೆ ತಾಯಿ ಇಬ್ಬರೂ ಅಮೆರಿಕದಲ್ಲೇ ಹುಟ್ಟಿದವರು. ತಾತ 1850ರ ದಶಕದಲ್ಲಿ, ಚಿನ್ನದ ಗಣಿಗಳ ಕಾಲದಲ್ಲಿ, ದಕ್ಷಿಣ ಚೀನಾದ ತೈಶಾನ್ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಗಣಿ ಊರೊಂದರಲ್ಲಿ ವ್ಯಾಪಾರ ಮಾಡುತ್ತಿದ್ದವರು. ಅಂದರೆ ಹಾಲಿವುಡ್ ಎಂಬುದು ಹುಟ್ಟುವ ಮೊದಲೇ ಇವರ ಕುಟುಂಬ ಆ ರಾಜ್ಯದಲ್ಲಿ ನೆಲೆ ನಿಂತಿತ್ತು.

ಮನೆಯಲ್ಲಿ ಇಟ್ಟ ಹೆಸರು ವಾಂಗ್ ಲಿಯು ತ್ಸಾಂಗ್. ವಾಂಗ್ ಎಂಬುದು ಮನೆತನದ ಹೆಸರು. ಲಿಯು ತ್ಸಾಂಗ್ ಎಂದರೆ ಇಬ್ಬನಿ ಹೆಪ್ಪುಗಟ್ಟಿದ ವಿಲೋ ಮರ ಎಂಬಂಥ ಅರ್ಥ. ಏಳು ಮಕ್ಕಳಲ್ಲಿ ಎರಡನೆಯವರು. ತಂದೆ ವಾಂಗ್ ಸ್ಯಾಮ್ ಸಿಂಗ್ ಲಾಂಡ್ರಿ ನಡೆಸುತ್ತಿದ್ದರು. 1910ರಲ್ಲಿ ಕುಟುಂಬ ಫಿಗರೋವಾ ಸ್ಟ್ರೀಟ್‌ಗೆ ಬಂತು. ಆ ಸಾಲಿನಲ್ಲಿ ಮೆಕ್ಸಿಕೊದವರೂ ಪೂರ್ವ ಯುರೋಪಿನವರೂ ಇದ್ದರು, ಚೀನೀಯರ ಮನೆ ಇವರದೊಂದೇ. ಅಕ್ಕ ತಂಗಿ ಇಬ್ಬರನ್ನೂ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದರು. ಅಲ್ಲಿ ಉಳಿದ ಮಕ್ಕಳ ಕಾಟ ವಿಪರೀತವಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಗುಂಡುಸೂಜಿಯಿಂದ ಚುಚ್ಚುತ್ತಿದ್ದನ್ನು ಅವರು ದೊಡ್ಡವರಾದ ಮೇಲೂ ನೆನೆಸಿಕೊಂಡಿದ್ದಾರೆ. ಕೊನೆಗೆ ಇಬ್ಬರನ್ನೂ ಅಲ್ಲಿಂದ ಬಿಡಿಸಿ, ಚೀನೀ ಕೇರಿಯಲ್ಲಿ ಕ್ರೈಸ್ತ ಮಿಷನ್ ನಡೆಸುತ್ತಿದ್ದ ಶಾಲೆಗೆ ಹಾಕಿದರು. ಮಧ್ಯಾಹ್ನದ ಮೇಲೆ ಮತ್ತು ಶನಿವಾರ ಚೀನೀ ಭಾಷೆಯ ಪಾಠ ಬೇರೆ.

ಸಿನಿಮಾ ಹುಚ್ಚು ಹಿಡಿದದ್ದು ಆಗಲೇ. ಚಿತ್ರ ತಯಾರಿಕೆ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಸರಿಯುತ್ತಿದ್ದ ವರ್ಷಗಳು ಅವು. ಸ್ಟುಡಿಯೋದವರು ಕ್ಯಾಮೆರಾ ಹೊತ್ತುಕೊಂಡು ಚೀನೀ ಕೇರಿಗೇ ಬರುತ್ತಿದ್ದರು. ಹುಡುಗಿ ಊಟಕ್ಕೆ ಕೊಟ್ಟ ಕಾಸನ್ನು ಉಳಿಸಿ, ಶಾಲೆಗೆ ಚಕ್ಕರ್ ಹೊಡೆದು, ಐದು ಸೆಂಟಿನ ಟಿಕೆಟ್ಟಿನ ಸಿನಿಮಾ ಕೊಠಡಿಗಳಲ್ಲಿ ಕುಳಿತುಕೊಳ್ಳುತ್ತಿದ್ದಳು. ಬೀದಿಯಲ್ಲಿ ಶೂಟಿಂಗ್ ಇದ್ದರೆ ಮುಂದೆ ಹೋಗಿ ನಿಲ್ಲುತ್ತಿದ್ದಳು. ಒಂಬತ್ತರ ಹುಡುಗಿ ಪಾತ್ರ ಕೊಡಿ ಎಂದು ಕಾಡುವುದನ್ನು ಕಂಡು ಚಿತ್ರತಂಡದವರು "ಕುತೂಹಲದ ಚೀನೀ ಮಗು" ಎಂದು ಅಡ್ಡಹೆಸರಿಟ್ಟಿದ್ದರು. ಹನ್ನೊಂದು ವರ್ಷ ತುಂಬುವ ಹೊತ್ತಿಗೆ ತೆರೆಯ ಮೇಲೆ ಬರಬೇಕಾದ ತನ್ನ ಹೆಸರನ್ನು ತಾನೇ ಕಟ್ಟಿಕೊಂಡಿದ್ದಳು: ಆ್ಯನಾ ಮೇ ವಾಂಗ್. ಇಂಗ್ಲಿಷಿನ ಎರಡು ಹೆಸರು, ಕೊನೆಯಲ್ಲಿ ಮನೆತನದ್ದು. ಅದನ್ನು ಅವರು ಯಾವತ್ತೂ ಬಿಡಲಿಲ್ಲ.

ಮನೆಯಲ್ಲಿ ಒಪ್ಪಿದ್ದರೇ ಎಂದು ಕೇಳಿದಿರಿ. ತಂದೆಗೆ ಸುತರಾಂ ಇಷ್ಟವಿರಲಿಲ್ಲ. ಓದು ಹಾಳಾಗುತ್ತದೆ ಎಂಬ ಚಿಂತೆ. 1919ರಲ್ಲಿ ಮೆಟ್ರೋ ಸಂಸ್ಥೆಯವರು ಅಲಾ ನಜಿಮೋವಾ ಅಭಿನಯದ 'ದಿ ರೆಡ್ ಲ್ಯಾಂಟರ್ನ್' ತೆಗೆಯುತ್ತಿದ್ದಾಗ ಲಾಂದ್ರ ಹಿಡಿದು ನಡೆಯುವ ದೃಶ್ಯಕ್ಕೆ ಮುನ್ನೂರು ಚೀನೀ ಹೆಂಗಸರು ಬೇಕಾದರು. ತಂದೆಯ ಸ್ನೇಹಿತರೊಬ್ಬರ ಮೂಲಕ ಇವರೂ ಆ ಮುನ್ನೂರರಲ್ಲಿ ಸೇರಿದರು. ಆಗ ವಯಸ್ಸು ಹದಿನಾಲ್ಕು, ಪರದೆಯ ಮೇಲೆ ಹೆಸರಿಲ್ಲ. ಮುಂದಿನ ಎರಡು ವರ್ಷವೂ ಹೀಗೇ ಗುಂಪಿನಲ್ಲಿ ನಿಲ್ಲುವ ಕೆಲಸ. ಸೆಟ್ಟಿಗೆ ಹೋಗಬೇಕಾದರೆ ಹಿರಿಯರೊಬ್ಬರು ಜೊತೆಗಿರಬೇಕು ಎಂಬುದು ತಂದೆಯ ಷರತ್ತು. ತಂಡದಲ್ಲಿ ಏಷ್ಯಾದವರು ಇವಳೊಬ್ಬಳೇ ಆದರೆ, ದೃಶ್ಯಗಳ ನಡುವೆ ತಂದೆಯೇ ಬಣ್ಣದ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಬೀಗ ಹಾಕಿಬಿಡುತ್ತಿದ್ದರಂತೆ.

1921ರಲ್ಲಿ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟರು. ಹತ್ತು ವರ್ಷ ಪ್ರಯತ್ನಿಸಿ ನೋಡುತ್ತೇನೆ, ಸೋತರೂ ಆಗ ನನಗಿನ್ನೂ ಎಳೆಯ ವಯಸ್ಸೇ ಎಂಬುದು ಅವರ ಲೆಕ್ಕಾಚಾರ.

ಶರಾವತಿ

ಬೀಗ ಹಾಕುತ್ತಿದ್ದರು ಎಂಬುದನ್ನು ಓದಿ ಮನಸ್ಸಿಗೆ ಕಷ್ಟವಾಯಿತು. ಆದರೆ ಆ ತಂದೆಯ ಹೆದರಿಕೆಯೂ ಅರ್ಥವಾಗುತ್ತದೆ. ನಮ್ಮ ಅತ್ತೆ ಶಾಲೆಯ ನಾಟಕದಲ್ಲಿ ಪಾರ್ಟು ಮಾಡಿದ್ದಕ್ಕೆ ಅಜ್ಜ ಆರು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದರು. ಅತ್ತೆ ಇದನ್ನು ಎಪ್ಪತ್ತರ ವಯಸ್ಸಿನಲ್ಲಿ ಹೇಳುವಾಗಲೂ ಕಣ್ಣು ಒದ್ದೆಯಾಗುತ್ತಿತ್ತು. ದಯವಿಟ್ಟು ಮುಂದುವರಿಸಿ.

ಫ್ರೀಮಾಂಟ್ ವಾಸಿ

ನಾನು ಕ್ಯಾಲಿಫೋರ್ನಿಯಾದಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ. ರೀಲು ಸರ್ ಬರೆದದ್ದಕ್ಕೆ ಕಾನೂನಿನ ಹಿನ್ನೆಲೆಯನ್ನು ಸೇರಿಸುತ್ತೇನೆ. ಅದಿಲ್ಲದಿದ್ದರೆ ಈ ನಟಿಯ ಬದುಕು ಪೂರ್ತಿ ತಿಳಿಯುವುದಿಲ್ಲ.

1882ರಲ್ಲಿ ಅಮೆರಿಕದ ಸಂಸತ್ತು ಚೀನೀ ಕಾರ್ಮಿಕರು ದೇಶದೊಳಗೆ ಬರುವುದನ್ನೇ ತಡೆದು ಕಾನೂನು ಮಾಡಿತು. ಅದು ರದ್ದಾದದ್ದು 1943ರಲ್ಲಿ. ವಾಂಗ್ ಅವರ ಬಾಲ್ಯ, ಯೌವನ, ಹೆಸರು ಮಾಡಿದ ವರ್ಷಗಳು ಎಲ್ಲವೂ ಆ ಕಾನೂನಿನ ನೆರಳಿನಲ್ಲೇ ಕಳೆದವು. ಅಲ್ಲಿ ಹುಟ್ಟಿದವರು ಪ್ರಜೆಗಳೇ ಎಂದು ಸುಪ್ರೀಂ ಕೋರ್ಟ್ 1898ರಲ್ಲೇ ತೀರ್ಪು ಕೊಟ್ಟಿತ್ತು. ಆ ಮೊಕದ್ದಮೆ ಹೂಡಿದವರ ಮನೆತನದ ಹೆಸರೂ ವಾಂಗ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ ಅಡುಗೆ ಕೆಲಸ ಮಾಡುತ್ತಿದ್ದ ವಾಂಗ್ ಕಿಮ್ ಆರ್ಕ್. ಕಾಗದದ ಮೇಲೆ ಪ್ರಜೆ ಹೌದು. ಆದರೆ ದೇಶ ಬಿಟ್ಟು ಹೊರಡುವ ಮುನ್ನ ಚೀನೀ ಮೂಲದವರು ಫಾರ್ಮ್ 430 ಎಂಬ ಅರ್ಜಿಯನ್ನು ತುಂಬಿ, ವಲಸೆ ಅಧಿಕಾರಿಯ ಮುಂದೆ ಪ್ರಶ್ನೆಗಳಿಗೆ ಉತ್ತರಿಸಿ, ತಾನು ಹಿಂತಿರುಗಿ ಬರಲು ಅರ್ಹ ಎಂದು ಸಾಬೀತು ಮಾಡಬೇಕಿತ್ತು. ಆ ಅರ್ಜಿಯ ತಲೆಬರಹದಲ್ಲಿ ಇದ್ದ ಮಾತು "ಅಮೆರಿಕದ ಪ್ರಜೆ ಎನ್ನಲಾದ ಚೀನೀ ಜನಾಂಗದ ವ್ಯಕ್ತಿ" ಎಂಬ ಅರ್ಥದ್ದು. ಎನ್ನಲಾದ! ವಾಂಗ್ 1924ರಲ್ಲಿ ಈ ಅರ್ಜಿಯನ್ನು ತುಂಬಿದ್ದಾರೆ. ಆಗ ಅವರ ಮುಖ ಊರೂರಿನ ಚಿತ್ರಮಂದಿರಗಳಲ್ಲಿ ಕಾಣುತ್ತಿತ್ತು.

ನಮ್ಮವರೂ ಇದರಿಂದ ಹೊರಗಿರಲಿಲ್ಲ. ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ತೀರ್ಪಾಯಿತು. 1946ರವರೆಗೆ ಹಾಗೇ ಇತ್ತು. ಇಲ್ಲಿಯೇ ಹುಟ್ಟಿದ ನನ್ನ ಮಗಳನ್ನು ಶಾಲೆಯಲ್ಲಿ ಇಂದಿಗೂ "ನಿಜವಾಗಿ ಯಾವ ಊರಿನವಳು?" ಎಂದು ಕೇಳುತ್ತಾರೆ. ಅವಳು ಮನೆಗೆ ಬಂದು ನನ್ನನ್ನು ಕೇಳುತ್ತಾಳೆ. ಹಾಗಾಗಿ ನನಗೆ ಈ ನಟಿಯ ಕಥೆ ದೂರದ್ದು ಎನಿಸುವುದಿಲ್ಲ.

ನೇರನುಡಿ

ಎಲ್ಲರ ಭಾವನೆಯನ್ನೂ ಗೌರವಿಸುತ್ತೇನೆ. ಆದರೆ ಒಂದು ಆಕ್ಷೇಪವಿದೆ. ಇವರು ಮಾಡಿದ ಪಾತ್ರಗಳು ಯಾವುವು? ಗುಲಾಮಳು, ಮೋಸಗಾತಿ, ಬಿಳಿಯ ಗಂಡಸಿಗಾಗಿ ಪ್ರಾಣ ಬಿಡುವವಳು. ಚೀನೀಯರೆಂದರೆ ಹೀಗೆ ಎಂಬ ಕೆಟ್ಟ ಚಿತ್ರವನ್ನು ಜನರ ತಲೆಯಲ್ಲಿ ಗಟ್ಟಿ ಮಾಡಿದ್ದು ಇಂಥ ಚಿತ್ರಗಳೇ. ಚೀನಾದ ಪತ್ರಿಕೆಗಳೇ ಅವರನ್ನು ಟೀಕಿಸಿದ್ದವು. ಅವಕಾಶಕ್ಕಾಗಿ ತನ್ನವರ ಮಾನವನ್ನು ಬಿಟ್ಟುಕೊಟ್ಟವರನ್ನು ನಾವು ಯಾಕೆ ಕೊಂಡಾಡಬೇಕು?

ಹಳೆಯ ರೀಲು

ನೇರನುಡಿಯವರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಪಾತ್ರಗಳ ಬಗ್ಗೆ ನೀವು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪಾತ್ರದೊಳಗೆ ನಿಂತು ಆ ಹುಡುಗಿ ಏನು ಮಾಡಿದಳು ಎಂಬುದನ್ನು ನೋಡಬೇಕು. ಅದಕ್ಕಾಗಿ ಒಂದೇ ಚಿತ್ರದ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅವರ ಹೆಸರು ಮೊದಲು ತೆರೆಯ ಮೇಲೆ ಬಂದದ್ದು 1921ರ 'ಬಿಟ್ಸ್ ಆಫ್ ಲೈಫ್'ನಲ್ಲಿ, ನಟ ಲಾನ್ ಚೇನಿ ಮಾಡಿದ ಪಾತ್ರದ ಹೆಂಡತಿಯಾಗಿ. ಮರುವರ್ಷ 'ದಿ ಟೋಲ್ ಆಫ್ ದಿ ಸೀ'. ಇದು ಟೆಕ್ನಿಕಲರ್ ಸಂಸ್ಥೆ ಎರಡು ಬಣ್ಣದ ಹೊಸ ವಿಧಾನವನ್ನು ಜನರಿಗೆ ತೋರಿಸಲೆಂದೇ ತೆಗೆದ ಚಿತ್ರ. ಕೆಂಪು ಮತ್ತು ಹಸಿರು ಛಾಯೆಗಳು ಫಿಲ್ಮಿನಲ್ಲೇ ಇರುತ್ತಿದ್ದರಿಂದ ಮಾಮೂಲಿ ಪ್ರೊಜೆಕ್ಟರಿನಲ್ಲೇ ಓಡಿಸಬಹುದಿತ್ತು. ಕಥೆ ಬರೆದವರು ಫ್ರಾನ್ಸಿಸ್ ಮೇರಿಯನ್. 'ಮದಾಮ್ ಬಟರ್‌ಫ್ಲೈ'ಯ ಕಥೆಯನ್ನೇ ಜಪಾನಿನಿಂದ ಚೀನಾಕ್ಕೆ ತಂದರು. ಕಡಲ ತೀರದಲ್ಲಿ ಬಂದು ಬಿದ್ದ ಅಮೆರಿಕದವನನ್ನು ಹುಡುಗಿ ಕಾಪಾಡುತ್ತಾಳೆ, ಅವನನ್ನೇ ನಂಬುತ್ತಾಳೆ. ಅವನು ಬಿಟ್ಟುಹೋಗಿ ಬೇರೆ ಹೆಂಡತಿಯೊಡನೆ ಹಿಂತಿರುಗುತ್ತಾನೆ. ಮಗುವನ್ನು ಆ ಹೆಂಡತಿಯ ಕೈಗೆ ಒಪ್ಪಿಸಿ ಹುಡುಗಿ ಸಮುದ್ರಕ್ಕೆ ತನ್ನನ್ನು ಕೊಟ್ಟುಕೊಳ್ಳುತ್ತಾಳೆ. ಕಥೆ ಹಳಸಲು, ಒಪ್ಪುತ್ತೇನೆ. ಆದರೆ ನಾಯಕಿಯ ಪಾತ್ರ ಮಾಡಿದ ಹುಡುಗಿಗೆ ಹದಿನೇಳು ವರ್ಷ. ಮೂಕಿ ಚಿತ್ರಗಳಲ್ಲಿ ಎದೆ ಹಿಡಿದು, ಕಣ್ಣು ಮೇಲೆ ಮಾಡಿ ದುಃಖವನ್ನು ತೋರಿಸುವುದು ರೂಢಿಯಾಗಿದ್ದ ಕಾಲದಲ್ಲಿ ಅವರು ಹೆಚ್ಚು ಕದಲುವುದೇ ಇಲ್ಲ. ಗಂಡ ತನ್ನನ್ನೂ ಕರೆದೊಯ್ಯುತ್ತಾನೆ ಎಂದು ನಂಬಿ ಅಮೆರಿಕದ ಹಳೆಯ ಮಾದರಿಯ ಉಡುಪು ತೊಟ್ಟು ಬಂದು ನಿಲ್ಲುವ ದೃಶ್ಯವಿದೆ. ಸುತ್ತಲಿನ ಹೆಂಗಸರು ನಗುತ್ತಾರೆ. ಅವಳ ಮುಖದಲ್ಲಿ ಅವಮಾನ ಬರುವುದು ತಡವಾಗಿ. ಮೊದಲು ಹೆಮ್ಮೆ, ಆಮೇಲೆ ಸಂಶಯ, ಆಮೇಲೆ ನೀರು ತುಂಬಿದ ಕಣ್ಣು. ಬಿಡುಗಡೆಯಾದಾಗ ನ್ಯೂಯಾರ್ಕಿನ ವಿಮರ್ಶಕರೂ ಈ ಸಂಯಮವನ್ನು ಗುರುತಿಸಿ ಮೆಚ್ಚಿದರು.

ಇಷ್ಟಾದ ಮೇಲೂ ನಾಯಕಿಯ ಪಾತ್ರಗಳು ಸಾಲುಗಟ್ಟಿ ಬರಲಿಲ್ಲ. ಕಾರಣ ಸರಳ. ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಚೀನೀಯರನ್ನು ಮದುವೆಯಾಗುವುದು ಕಾನೂನಿಗೆ ವಿರುದ್ಧ. ಆ ನಿಷೇಧ ಬಿದ್ದುಹೋದದ್ದು 1948ರಲ್ಲಿ. ನಿಜಜೀವನದ ಆ ಬೇಲಿ ತೆರೆಯ ಮೇಲೂ ಇತ್ತು. ನಾಯಕ ಬಿಳಿಯ, ಏಷ್ಯಾದವನ ಪಾತ್ರ ಬಂದರೂ ಅದನ್ನು ಮಾಡುವವನು ಬಣ್ಣ ಬಳಿದುಕೊಂಡ ಬಿಳಿಯ. ಅವನ ಜೊತೆ ಇವರು ಮುತ್ತಿಡುವಂತಿಲ್ಲ, ಚಿತ್ರದ ಕೊನೆಯಲ್ಲಿ ಅವನ ಕೈಹಿಡಿಯುವಂತಿಲ್ಲ. ಹಾಗಾಗಿ ಕಥೆಗಾರರಿಗೆ ಉಳಿದದ್ದು ಪಾತ್ರವನ್ನು ಸಾಯಿಸುವುದು.

1924ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಚೀನೀ ಪುರಾಣ ಜಾನಪದಗಳನ್ನು ಸಿನಿಮಾ ಮಾಡಬೇಕೆಂದು ತಮ್ಮದೇ ಹೆಸರಿನಲ್ಲಿ ನಿರ್ಮಾಣ ಸಂಸ್ಥೆ ತೆರೆದರು. ಪಾಲುದಾರ ಮೋಸ ಮಾಡಿದ್ದರಿಂದ ಅದು ಮುಚ್ಚಿತು. ತನ್ನವರ ಮಾನದ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ ಎನ್ನುವವರು ಈ ಪ್ರಯತ್ನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ವಿನಂತಿ.

ಕಬಿನಿ ದಂಡೆ

1924 ಎಂದಾಗ ನೆನಪಾಯಿತು. ಅದೇ ವರ್ಷ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಅವರ 'ದಿ ಥೀಫ್ ಆಫ್ ಬಾಗ್ದಾದ್' ಬಂತು. ಅದರಲ್ಲಿ ವಾಂಗ್ ಅವರದು ಅರಮನೆಯೊಳಗಿನ ಮಂಗೋಲ್ ದಾಸಿಯ ಪಾತ್ರ. ಸ್ವಲ್ಪ ಹೊತ್ತೇ ಕಾಣಿಸಿಕೊಂಡರೂ ಇಡೀ ದೇಶಕ್ಕೆ ಗೊತ್ತಾದದ್ದು ಆ ಚಿತ್ರದಿಂದ. ಮೈತುಂಬ ಬಟ್ಟೆ ಇಲ್ಲದ ಆ ವೇಷ ಮನೆಯವರಿಗೆ ಮುಜುಗರ ತಂದಿತ್ತು ಎಂದು ಓದಿದ್ದೇನೆ.

ನಾನು ಎಚ್.ಡಿ. ಕೋಟೆಯ ಕಡೆಯವನು, ಹಾಗಾಗಿ ಇದನ್ನು ಹೇಳದೆ ಇರಲಾರೆ. ಆ ಚಿತ್ರ ಬಿಡುಗಡೆಯಾದ 1924ರಲ್ಲೇ ನಮ್ಮ ಕಾರಾಪುರದಲ್ಲಿ ಮಾವುತರ ಮನೆಯಲ್ಲಿ ಒಂದು ಮಗು ಹುಟ್ಟಿತು: ಸಾಬು. 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ಹುಡುಗನನ್ನು ಹುಡುಕುತ್ತಾ ಬಂದವರ ಕಣ್ಣಿಗೆ ಬಿದ್ದು, 1937ರ ಹೊತ್ತಿಗೆ ಲೋಕಕ್ಕೆಲ್ಲ ಪರಿಚಿತನಾದ. 1940ರಲ್ಲಿ ಅದೇ 'ಬಾಗ್ದಾದ್ ಕಳ್ಳ'ನ ಕಥೆಯನ್ನು ಬಣ್ಣದಲ್ಲಿ ಮತ್ತೆ ತೆಗೆದಾಗ ಕಳ್ಳನ ಪಾತ್ರ ಮಾಡಿದ್ದು ನಮ್ಮ ಸಾಬುವೇ. ಮುಂದೆ 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧವಿಮಾನದ ಹಿಂಭಾಗದಲ್ಲಿ ಕುಳಿತು ಬಂದೂಕು ನಡೆಸಿದರು. 1963ರಲ್ಲಿ ತೀರಿಕೊಂಡಾಗ ವಯಸ್ಸು 39 ಮಾತ್ರ. ಲಾಂಡ್ರಿಯ ಮಗಳು ಮತ್ತು ಮಾವುತನ ಮಗ, ಒಂದೇ ಕಥೆಯ ಎರಡು ಚಿತ್ರಗಳಲ್ಲಿ. ಸಾಬು ಅವರಿಗೂ ಕೊನೆಕೊನೆಗೆ ಕಾಡು, ಆನೆ, ಮುಂಡಾಸು ಬಿಟ್ಟು ಬೇರೆ ಪಾತ್ರ ಸಿಗಲಿಲ್ಲ. ನಮ್ಮ ಊರಿನಲ್ಲಿ ಅವರ ಹೆಸರು ಹೇಳುವ ಹಿರಿಯರು ಈಗ ಬಹಳ ಕಡಿಮೆಯಾಗಿದ್ದಾರೆ.

ಫ್ರೀಮಾಂಟ್ ವಾಸಿ

ಕಬಿನಿ ದಂಡೆಯವರೇ, ಬಹಳ ಒಳ್ಳೆಯ ನೆನಪು. ಜೊತೆಗೆ ನಟಿ ಮರ್ಲ್ ಓಬೆರಾನ್ ಅವರನ್ನೂ ನೆನೆಯಬೇಕು. 1911ರಲ್ಲಿ ಬಾಂಬೆಯಲ್ಲಿ ಹುಟ್ಟಿ, ಅದನ್ನು ಮುಚ್ಚಿಟ್ಟು, ಆಸ್ಟ್ರೇಲಿಯಾದ ಟಾಸ್ಮೇನಿಯಾದವಳು ಎಂದು ಹೇಳಿಕೊಂಡು ನಾಯಕಿಯಾದರು, 1935ರ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನವನ್ನೂ ಪಡೆದರು. ಬದುಕಿನುದ್ದಕ್ಕೂ ಆ ಗುಟ್ಟನ್ನು ಹೊತ್ತು ತಿರುಗಿದ ಸಂಕಟ ಅವರದು. ವಾಂಗ್ ಅವರಿಗೆ ಮುಚ್ಚಿಡುವ ದಾರಿಯೇ ಇರಲಿಲ್ಲ.

ನೇಪಥ್ಯ

ನಾನು ರಂಗಭೂಮಿಯವಳು, ಇಪ್ಪತ್ತು ವರ್ಷಗಳಿಂದ ಧ್ವನಿ ಮತ್ತು ಉಚ್ಚಾರಣೆಯನ್ನು ಕಲಿಸುತ್ತಿದ್ದೇನೆ. ರೀಲು ಅವರು ಅಮೆರಿಕದ ಭಾಗದಲ್ಲೇ ನಿಂತರು. ನನಗೆ ಅವರ ಯುರೋಪಿನ ಎರಡು ವರ್ಷಗಳೇ ಹೆಚ್ಚು ಪ್ರಿಯ.

1928ರಲ್ಲಿ ಹಾಲಿವುಡ್ ಸಾಕಾಗಿ ಅಕ್ಕನ ಜೊತೆ ಜರ್ಮನಿಗೆ ಹೊರಟರು. ಬರ್ಲಿನ್‌ನಲ್ಲಿ ರಿಚರ್ಡ್ ಐಕ್‌ಬರ್ಗ್ ನಿರ್ದೇಶನದ 'ಸಾಂಗ್' ಮಾಡಿದರು. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಬಂದು ವಾಂಗ್ ಅವರನ್ನು ಭೇಟಿಯಾಗಿ ಲೇಖನ ಬರೆದದ್ದು ಆ ವರ್ಷವೇ. 1929ರಲ್ಲಿ ಇಂಗ್ಲೆಂಡಿನಲ್ಲಿ ಇ.ಎ. ಡ್ಯೂಪಾಂಟ್ ಅವರ 'ಪಿಕಡಿಲಿ'. ಅದೇ ವರ್ಷ ಲಂಡನ್ನಿನ ರಂಗದ ಮೇಲೆ 'ಸುಣ್ಣದ ವೃತ್ತ'ದ ಚೀನೀ ಕಥೆಯ ನಾಟಕ. ಎದುರು ಪಾತ್ರದಲ್ಲಿ ಆಗಿನ್ನೂ ಹೆಸರು ಮಾಡಿರದ ಲಾರೆನ್ಸ್ ಒಲಿವಿಯೇ. ಹೌದು, ಮುಂದೆ ಜರ್ಮನ್ ನಾಟಕಕಾರ ಬ್ರೆಕ್ಟ್ ಕೈಯಲ್ಲಿ ಕಾಕಸಸ್ ಪರ್ವತದ ಕಡೆಗೆ ಹೋದದ್ದೂ, ನಮ್ಮ ರಂಗಕರ್ಮಿಗಳೆಲ್ಲ ಬಲ್ಲದ್ದೂ ಆದ ಕಥೆಯೇ ಇದು. ಒಂದು ಮಗು, ಇಬ್ಬರು ತಾಯಂದಿರು, ನೆಲದ ಮೇಲೆ ಸುಣ್ಣದ ಗೆರೆ.

ಪ್ರದರ್ಶನದ ನಂತರ ವಿಮರ್ಶಕರು ಅವರ ಧ್ವನಿಯನ್ನು ಹಿಡಿದು ಜಗ್ಗಿದರು. ನೋಡಿದರೆ ಚೀನೀ ರಾಜಕುಮಾರಿ, ಬಾಯಿ ತೆರೆದರೆ ಕ್ಯಾಲಿಫೋರ್ನಿಯಾ ಎಂಬ ಧಾಟಿಯ ಟೀಕೆ. ಅದುವರೆಗೆ ಮೂಕಿ ಚಿತ್ರಗಳಲ್ಲಿ ಕಣ್ಣು ಬೆರಳುಗಳಿಂದಲೇ ಮಾತನಾಡಿದವರಿಗೆ ಇದು ಎಂಥ ಪೆಟ್ಟು ಎಂಬುದು ರಂಗದಲ್ಲಿ ನಿಂತವರಿಗೆ ಗೊತ್ತು. ಅವರು ಹಣ ಖರ್ಚು ಮಾಡಿ ಕೇಂಬ್ರಿಜ್‌ನ ಶಿಕ್ಷಕರೊಬ್ಬರನ್ನು ಇಟ್ಟುಕೊಂಡು ಉಚ್ಚಾರಣೆಯನ್ನು ತಿದ್ದಿಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಜರ್ಮನ್ ಕಲಿತರು, ಫ್ರೆಂಚ್ ಕಲಿತರು. ವಾಕ್ಚಿತ್ರ ಬಂದ ಹೊಸದರಲ್ಲಿ ಡಬ್ಬಿಂಗ್ ಇನ್ನೂ ಹದಕ್ಕೆ ಬಂದಿರಲಿಲ್ಲ; ಒಂದೇ ಚಿತ್ರವನ್ನು ಭಾಷೆಗೊಂದರಂತೆ ಮತ್ತೆ ಮತ್ತೆ ತೆಗೆಯುತ್ತಿದ್ದರು, ಉಳಿದ ನಟರನ್ನು ಬದಲಿಸುತ್ತಿದ್ದರು. 1930ರಲ್ಲಿ ತಮ್ಮ ಮೊದಲ ವಾಕ್ಚಿತ್ರವನ್ನು ವಾಂಗ್ ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ತಾವೇ ಮಾಡಿದರು. ಅದೇ ವರ್ಷ ವಿಯೆನ್ನಾದಲ್ಲಿ ಜರ್ಮನ್ ಭಾಷೆಯ ಸಂಗೀತ ನಾಟಕದ ನಾಯಕಿ. ಹೈಸ್ಕೂಲು ಮುಗಿಸದ ಹುಡುಗಿ!

ಟೀಕೆ ಕೇಳಿ ಕುಸಿದುಹೋದ ಪ್ರತಿಭಾವಂತರನ್ನು ನಾನು ನೋಡಿದ್ದೇನೆ. "ನಿನ್ನ ಕನ್ನಡದಲ್ಲಿ ನಿನ್ನ ಜಿಲ್ಲೆ ಕೇಳಿಸುತ್ತದೆ" ಎಂದದ್ದಕ್ಕೆ ರಂಗವನ್ನೇ ಬಿಟ್ಟ ಹುಡುಗಿಯೊಬ್ಬಳು ನನ್ನ ಮೊದಲ ತಂಡದಲ್ಲಿದ್ದಳು. ಆಗ ನನಗೆ ಈ ನಟಿಯ ಬಗ್ಗೆ ತಿಳಿದಿದ್ದರೆ ಅವಳಿಗೆ ಹೇಳುತ್ತಿದ್ದೆ.

ನೇರನುಡಿ

ನೇಪಥ್ಯ ಮೇಡಂ, ಉಚ್ಚಾರಣೆ ತಿದ್ದಿಕೊಂಡ ವಿಷಯ ನನಗೆ ಗೊತ್ತಿರಲಿಲ್ಲ. ಕಲಿಕೆಯ ಬಗ್ಗೆ ನೀವೆಲ್ಲ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ. ಇಷ್ಟೆಲ್ಲ ಕಲಿತು ಅಮೆರಿಕಕ್ಕೆ ಮರಳಿದ ಮೇಲೆ 1931ರಲ್ಲಿ ಮಾಡಿದ್ದು 'ಡಾಟರ್ ಆಫ್ ದಿ ಡ್ರ್ಯಾಗನ್'. ಮತ್ತೆ ಕೊಲೆಗಾರನ ಮಗಳು. ಯಾಕೆ ಒಪ್ಪಿಕೊಂಡರು?

ಹಳೆಯ ರೀಲು

ಒಪ್ಪಿಕೊಂಡದ್ದಕ್ಕೆ ಒಂದು ಕಾರಣ, ನಿರ್ದೇಶಕ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ ಅವರ ಚಿತ್ರದಲ್ಲಿ ಪಾತ್ರ ಕೊಡುತ್ತೇವೆ ಎಂಬ ಭರವಸೆ. ಅದು ಈಡೇರಿ 1932ರಲ್ಲಿ ಮಾರ್ಲೀನ್ ಡೀಟ್ರಿಚ್ ಜೊತೆ 'ಶಾಂಘೈ ಎಕ್ಸ್‌ಪ್ರೆಸ್' ಬಂತು. ರೈಲಿನ ಡಬ್ಬಿಯೊಳಗೆ ಡೀಟ್ರಿಚ್ ಎದುರು ಕುಳಿತು ಇಸ್ಪೀಟು ಎಲೆಗಳನ್ನು ಜೋಡಿಸುವ ವಾಂಗ್ ಅವರನ್ನು ನೋಡಿದವರಿಗೆ, ಕೆಲವೇ ಮಾತುಗಳಲ್ಲಿ ಒಬ್ಬ ನಟಿ ಎಷ್ಟು ಜಾಗ ತುಂಬಬಲ್ಲಳು ಎಂಬುದು ತಿಳಿಯುತ್ತದೆ.

'ಡಾಟರ್ ಆಫ್ ದಿ ಡ್ರ್ಯಾಗನ್' ಬಗ್ಗೆ ಸಂಬಳದ ಲೆಕ್ಕ ಮಾತ್ರ ಹೇಳುತ್ತೇನೆ. ವಾಂಗ್ ಅವರಿಗೆ 6,000 ಡಾಲರ್. ಜಪಾನಿನ ಸೆಸ್ಸು ಹಯಕಾವಾ ಅವರಿಗೆ 10,000. ಚೀನೀಯನ ವೇಷ ಹಾಕಿದ ಸ್ವೀಡನ್ ಮೂಲದ ವಾರ್ನರ್ ಓಲ್ಯಾಂಡ್ ಚಿತ್ರದಲ್ಲಿ 23 ನಿಮಿಷ ಮಾತ್ರ ಇದ್ದು ಪಡೆದದ್ದು 12,000. ಚಿತ್ರದ ಹೆಸರಿನಲ್ಲಿರುವ ಮಗಳು ವಾಂಗ್ ಅವರೇ!

ಅವರು ಸುಮ್ಮನಿರಲಿಲ್ಲ. ಪರದೆಯ ಮೇಲೆ ಚೀನೀಯ ಯಾವಾಗಲೂ ಖಳನೇ ಯಾಕೆ, ನಮ್ಮದು ಪಶ್ಚಿಮಕ್ಕಿಂತ ಎಷ್ಟೋ ಹಳೆಯ ನಾಗರಿಕತೆಯಲ್ಲವೇ ಎಂದು 1933ರಲ್ಲಿ ಪತ್ರಿಕೆಯವರ ಮುಂದೆ ನೇರವಾಗಿ ಕೇಳಿದರು. ಎರಡು ವರ್ಷದ ನಂತರ ಎಂಜಿಎಂ ಸ್ಟುಡಿಯೋ 'ದಿ ಗುಡ್ ಅರ್ತ್' ತೆಗೆಯಲು ಹೊರಟಾಗ ನಾಯಕಿ ಓ-ಲಾನ್ ಪಾತ್ರ, ನಾನು ಮೊದಲು ಹೇಳಿದ ಆ ರೈತ ಹೆಂಗಸಿನ ಪಾತ್ರ, ಲೂಯಿಸ್ ರೈನರ್ ಅವರಿಗೆ ಹೋಯಿತು. ಅವರಿಗೆ ಅದಕ್ಕಾಗಿ ಆಸ್ಕರ್ ಕೂಡ ಬಂತು. ವಾಂಗ್ ಅವರಿಗೆ ಕೊಡಹೊರಟದ್ದು ಮನೆ ಮುರಿಯುವ ಲೋಟಸ್ ಪಾತ್ರ. ಚೀನೀ ರಕ್ತದ ನನಗೊಬ್ಬಳಿಗೆ, ಆ ಕಥೆಯಲ್ಲಿ ಯಾರೂ ಮರುಗದ ಪಾತ್ರವನ್ನೇ ಕೊಡುತ್ತೀರಾ ಎಂದು ಬೇಸರಿಸಿ ನಿರಾಕರಿಸಿದರು. ನೇರನುಡಿಯವರೇ, ಬೇಡ ಎನ್ನುವ ಶಕ್ತಿ ಬಂದ ದಿನ ಅವರು ಬೇಡ ಎಂದರು. ಹದಿನೇಳರಲ್ಲಿ ಆ ಶಕ್ತಿ ಯಾರಿಗಿರುತ್ತದೆ?

ಆಮೇಲೆ 1936ರಲ್ಲಿ ಮೊದಲ ಬಾರಿಗೆ ಚೀನಾಕ್ಕೆ ಹೋದರು. ನೀವು ಹೇಳಿದ ಟೀಕೆಯನ್ನು ಅಲ್ಲಿ ಮುಖಾಮುಖಿಯಾಗಿ ಕೇಳಿದರು. ಮನೆಯಲ್ಲಿ ಆಡುತ್ತಿದ್ದ ತೈಶಾನ್ ಕಡೆಯ ಮಾತು ಶಾಂಘೈನಲ್ಲಿ ನಡೆಯಲಿಲ್ಲ; ದುಭಾಷಿ ಬೇಕಾಯಿತು. ಅವರು ಹಲವು ತಿಂಗಳು ಅಲ್ಲೇ ಉಳಿದು ಮ್ಯಾಂಡರಿನ್ ಕಲಿತರು, ಅಲ್ಲಿನ ರಂಗಕಲೆಯನ್ನು ಅಭ್ಯಾಸ ಮಾಡಿದರು, ಪೂರ್ವಿಕರ ಹಳ್ಳಿಗೆ ಹೋಗಿ ಬಂದರು. ಮರಳಿದ ಮೇಲೆ 1937ರ 'ಡಾಟರ್ ಆಫ್ ಶಾಂಘೈ'ಯಲ್ಲಿ ಅಪರಾಧಿಗಳನ್ನು ಬೆನ್ನಟ್ಟುವ ನಾಯಕಿ ಅವರು, ನಾಯಕ ಕೊರಿಯಾ ಮೂಲದ ಫಿಲಿಪ್ ಆನ್. ಆ ಚಿತ್ರದ ಕೊನೆಯಲ್ಲಿ ಅವರು ಸಾಯುವುದಿಲ್ಲ.

ನೇರನುಡಿ

ಸಾಯುವುದಿಲ್ಲ ಎಂಬ ಒಂದು ಮಾತಿಗಾಗಿಯೇ ಆ ಚಿತ್ರವನ್ನು ಹುಡುಕಿ ನೋಡುತ್ತೇನೆ. ಚಿತ್ರಗಳ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ. ಅವರ ಬಗ್ಗೆ ಆಡಿದ "ಮಾನವನ್ನು ಬಿಟ್ಟುಕೊಟ್ಟವರು" ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಶರಾವತಿ

ತಾಯಿಯ ಬಗ್ಗೆ ಯಾರೂ ಬರೆಯಲಿಲ್ಲವಲ್ಲ?

ಫ್ರೀಮಾಂಟ್ ವಾಸಿ

ತಾಯಿಯ ಹೆಸರು ಲೀ ಗಾನ್ ಟಾಯ್. 1930ರ ನವೆಂಬರಿನಲ್ಲಿ ಫಿಗರೋವಾ ಸ್ಟ್ರೀಟ್‌ನ ಮನೆಯ ಮುಂದೆಯೇ ಕಾರು ಬಡಿದು ತೀರಿಕೊಂಡರು. ಮಗಳು ಯುರೋಪಿನಿಂದ ಮರಳಿ, ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದಲ್ಲಿ ಹೆಸರು ಮಾಡುತ್ತಿದ್ದ ಸಮಯ. 1961ರ ಫೆಬ್ರುವರಿ 3ರಂದು, 56ನೇ ವಯಸ್ಸಿನಲ್ಲಿ ವಾಂಗ್ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಲಾಸ್ ಏಂಜಲೀಸ್‌ನ ರೋಸ್‌ಡೇಲ್ ಸ್ಮಶಾನದಲ್ಲಿ ತಾಯಿಯ ಸಮಾಧಿಯಲ್ಲೇ ಇರಿಸಿದರು. ಮುಂದಿನ ತಿಂಗಳು ಆ ಕಡೆ ಕೆಲಸವಿದೆ; ಮಗಳನ್ನೂ ಕರೆದುಕೊಂಡು ಹೋಗಿ ಹೂವಿಟ್ಟು ಬರುತ್ತೇವೆ.

ಕಬಿನಿ ದಂಡೆ

ನಿನ್ನೆ ರಾತ್ರಿ 'ದಿ ಟೋಲ್ ಆಫ್ ದಿ ಸೀ' ನೋಡಿದೆ. ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ, ಒಂದು ಗಂಟೆಗಿಂತ ಕಡಿಮೆ. ನಮ್ಮ ಅಜ್ಜಿಯೂ ಪಕ್ಕದಲ್ಲಿ ಬಂದು ಕುಳಿತರು. ತೆರೆಯ ಮೇಲೆ ಬರುತ್ತಿದ್ದ ಅಕ್ಷರಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧದಷ್ಟು ಕಳೆದ ಮೇಲೆ ಅಜ್ಜಿ, "ನೀನು ಸುಮ್ಮನಿರಪ್ಪಾ, ಅವಳ ಮುಖದಲ್ಲೇ ಗೊತ್ತಾಗುತ್ತದೆ" ಎಂದರು. ಮಗುವನ್ನು ಒಪ್ಪಿಸುವ ದೃಶ್ಯದಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೊನೆಯಲ್ಲಿ ಬರೀ ಸಮುದ್ರ ಕಾಣಿಸಿತು, ಹುಡುಗಿ ಕಾಣಲಿಲ್ಲ. ಅದು ಹಾಗೆಯೇ ಇರುವುದೇ?

ಹಳೆಯ ರೀಲು

ಮೂಲದ ಕೊನೆಯ ಭಾಗ ಕಳೆದುಹೋಗಿದೆ. 1985ರ ಸುಮಾರಿಗೆ ಚಿತ್ರವನ್ನು ಉಳಿಸಿಕೊಟ್ಟವರು ಎರಡು ಬಣ್ಣದ ಹಳೆಯ ಕ್ಯಾಮೆರಾವನ್ನೇ ಹುಡುಕಿ ತೆಗೆದು, ಕ್ಯಾಲಿಫೋರ್ನಿಯಾದ ಕಡಲ ತೀರಕ್ಕೆ ಒಯ್ದು, ಅಲೆಗಳನ್ನು ಹೊಸದಾಗಿ ಚಿತ್ರಿಸಿ ಸೇರಿಸಿದರು. ಅಜ್ಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮುಂದಿನ ಭಾನುವಾರ ಅವರ ಜೊತೆ 'ಪಿಕಡಿಲಿ' ನೋಡಿ. ಹೋಟೆಲಿನ ಪಾತ್ರೆ ತೊಳೆಯುವ ಕೋಣೆಯಲ್ಲಿ ಮೇಜು ಹತ್ತಿ ಕುಣಿಯುತ್ತಾ ಬರುತ್ತಾರೆ.